ನಮೂನೆ ಏಳು

ಉಲಾನ್‌ಬಾತರಿನ ಗುಡ್ಡ, ಕಲ್ಲಿದ್ದಲ ಹೊಗೆ.
ಚಳಿಗೆ ಬರೆಯಲೊಲ್ಲದ ಪೆನ್ನನ್ನು
ಕಂಕುಳಲ್ಲಿಟ್ಟು ಕಾಯಿಸುತ್ತೇನೆ.

ಕೋಣೆಗಳೆಷ್ಟು?
ಖಂಡ್‌ಸುರೆನ್ ಸುತ್ತ ನೋಡುತ್ತಾಳೆ:
ಉಣ್ಣೆಯ ದುಂಡು ಗುಡಾರ, ನಡುವೆ ಒಲೆ,
ಮುನಿಸಿಕೊಂಡು ಕೂರಲು ಒಂದು ಮೂಲೆಯೂ ಇಲ್ಲ.
‘ಸೊನ್ನೆ ಬರಿ, ಅದೂ ದುಂಡಗೇ ಇದೆಯಲ್ಲ.’

ಎಷ್ಟು ಮಂದಿ?
ಐದು. ತಡೆದು, ನಾಲ್ಕು.
ಮತ್ತೆ, ‘ಐದೇ ಇರಲಿ,
ಗಣಿಗೆ ಹೋದವನು ಬಟ್ಟಲು ಒಯ್ದಿಲ್ಲ.’

ಬಂದ ಕಾರಣಕ್ಕೆ ನಾಲ್ಕು ಚೌಕ:
ಕೆಲಸ, ಶಾಲೆ, ಮದುವೆ, ಇತರೆ.
ಒಂದೇ ಹಿಮದ ರಾತ್ರಿ ಇನ್ನೂರು ಕುರಿ
ನಿಂತಲ್ಲೇ ಸತ್ತದ್ದು
‘ಇತರೆ’ಯಲ್ಲಿ ಹಿಡಿಯುವುದಿಲ್ಲ.

ಹುಡುಗಿ ಉಪ್ಪು ಚಹಾ ತಂದಿಟ್ಟು ಕೇಳುತ್ತಾಳೆ:
ನಿನ್ನ ಮನೆಯಲ್ಲೆಷ್ಟು ಮಂದಿ?
ಬೆರಳು ಮಡಚುತ್ತ
ಮೂರರಲ್ಲಿ ನಿಲ್ಲುತ್ತೇನೆ.
ಚಹಾದ ಮೇಲೆ ಕೆನೆ ಕಟ್ಟುತ್ತದೆ.