ಹಣೆಗೆ ಮಾತ್ರ

ಮೆಟ್ಟಿಲ ಮೇಲೆ ಕೂತು ಅಳಬೇಡ, ನುರಾನ್,
ಸಿಮೆಂಟು ಕೊರೆಯುತ್ತಿದೆ. ಒಳಗೆ ಬಾ.
ಆಸ್ಪತ್ರೆಯ ಕಾಗದ ಫ್ರಿಜ್ಜಿನ ಮೇಲಿರಲಿ,
ಹೇಳುವುದನ್ನೆಲ್ಲ ಅದು ಹೇಳಿ ಮುಗಿಸಿದೆ.
ಚಹಾ ಕುಡಿ. ಚಹಾದಲ್ಲಿ ಗೋಧಿಯಿಲ್ಲ.
ಇದು ಮೊದಲ ಪಾಠ.

ಎರಡನೆಯದು, ಇವತ್ತೇ ಹೊಸ ಮರದ ಸೌಟು ಕೊಳ್ಳು.
ಹಳೆಯದನ್ನು ಎಷ್ಟು ತಿಕ್ಕಿದರೂ
ಸೀಳುಗಳಲ್ಲಿ ಹೋದ ವರ್ಷದ ಹಿಟ್ಟು ಮಲಗಿರುತ್ತದೆ.
ಹಿಡಿಗೆ ಕೆಂಪು ದಾರ ಕಟ್ಟು.
ನಿನ್ನ ಜರಡಿಗೂ ಕಟ್ಟು, ನಿನ್ನ ಬೆಣ್ಣೆ ಡಬ್ಬಿಗೂ.
ಎಲ್ಲರೂ ಸೋಲುವುದು ಬೆಣ್ಣೆಯಲ್ಲೇ:
ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಅದ್ದುತ್ತಾರೆ,
ಸಾಸಿವೆಗಿಂತ ಸಣ್ಣ ಚೂರು,
ನಿನಗೆ ಮೂರು ದಿನ ಹೊಟ್ಟೆನೋವು.

ಮೂರನೆಯದು... ಎಣಿಸುವುದು ಬೇಡ, ಬಂದ ಹಾಗೆ ಹೇಳುತ್ತೇನೆ.

ಅನ್ನವೆಂದು ನಂಬಬೇಡ, ಈ ಊರಲ್ಲಿ
ಅಕ್ಕಿಯ ಜೊತೆ ಶಾವಿಗೆ ಹುರಿಯದ ಕೈಯಿಲ್ಲ.
ಬೇಳೆಯ ಸೂಪು ದಪ್ಪಗಿದ್ದರೆ
ದಪ್ಪ ಎಲ್ಲಿಂದ ಬಂತೆಂದು ಕೇಳು.
ಕೋಫ್ತೆಯವನು "ಒಣಬ್ರೆಡ್ಡಾ? ಸ್ವಲ್ಪವೇ, ಅಕ್ಕಾ" ಅಂದರೆ
ಎದ್ದು ಬಾ. ನಮ್ಮಂಥವರಿಗೆ
ಸ್ವಲ್ಪ ಎಂಬ ಅಳತೆಯಿಲ್ಲ.
ನಿನ್ನತ್ತೆ ಬಿಸಿಲಲ್ಲಿ ಒಣಗಿಸುವ ತರ್ಹಾನದಲ್ಲಿ
ಮೊಸರಿದೆ, ಟೊಮೇಟೊ ಇದೆ, ಪುದೀನ ಇದೆ ಅನ್ನುತ್ತಾರೆ.
ಹಿಟ್ಟನ್ನು ಹೇಳುವುದೇ ಇಲ್ಲ.
ಸುಳ್ಳಲ್ಲ ಅದು.
ಮೀನು ನೀರನ್ನು ಎಣಿಸುತ್ತದೆಯೇ?

ಉಂಡ ಮನೆಯ ಜಂತೆ ಎಣಿಸಬಾರದಂತೆ.
ಸರಿ. ನೀನು ಉಣ್ಣುವ ಮುಂಚೆಯೇ ಎಣಿಸು.
ಹಬ್ಬಕ್ಕೆ ಕರೆದರೆ ಹೊಟ್ಟೆ ತುಂಬಿಸಿಕೊಂಡು ಹೋಗು,
ಚೀಲದಲ್ಲಿ ಅಕ್ರೋಟು, ಒಣ ಏಪ್ರಿಕಾಟು.
"ನನ್ನ ಕೈಯ ಬಕ್ಲಾವ ಬೇಡವೇ?" ಎಂದು ಮುನಿದರೆ
ಆ ಕೈಯನ್ನೇ ಹಿಡಿದುಕೊಂಡು ಕೂತಿರು.

ಮುತ್ತಿಗೂ ನಿಯಮವಿದೆ, ನಾಚಬೇಡ.
ಬ್ರೆಡ್ಡು ತಿಂದ ಬಾಯಿ ಮೊದಲು ಮುಕ್ಕಳಿಸಲಿ.
ನನ್ನ ಜೆವ್ದೆತ್, ಬೇಕರಿಯವನು, ಹುಬ್ಬಿನಲ್ಲೂ ಹಿಟ್ಟು,
ಹನ್ನೊಂದು ವರ್ಷದಿಂದ ಬಾಗಿಲ ಹೊರಗೇ ಅಂಗಿ ಕಳಚುತ್ತಾನೆ.
ಇಡೀ ಕಟ್ಟಡ ಏನೇನೋ ಅಂದುಕೊಂಡಿತ್ತು.
ನೀನೂ ಅಂದುಕೊಂಡಿದ್ದೆ, ಇಲ್ಲವೇ? ನಗು, ನಗು.

ಡಾಕ್ಟರು ಗ್ಲುಟೆನ್ ಅನ್ನುತ್ತಾರೆ, ನಾನು ಅಂಟು ಅನ್ನುತ್ತೇನೆ.
ಅಂಟು ಹೋದರೆ ನಂಟೂ ಹೋದೀತೆಂದು ಹೆದರಿದ್ದೆ.
ಕೆಲವು ಹೋದವು, ಯಾಕೆ ಮುಚ್ಚಿಡಲಿ.
ಕೈಸೇರಿಯ ಸೊಸೆಯೆಂದರೆ ಗೊತ್ತಲ್ಲ,
ಒಂದು ಚಮಚದಲ್ಲಿ ನಲವತ್ತು ಮಾಂಟಿ ಹಿಡಿಯಬೇಕು.
ನನ್ನವು ನಲವತ್ತೊಂದು ಹಿಡಿಯುತ್ತಿದ್ದವು, ಆಗ.
ಆಮೇಲೆ ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆಯ ಪಿಷ್ಟ, ಎರಡು ಮೊಟ್ಟೆ,
ಮಡಿಸಿದಲ್ಲೆಲ್ಲ ಬಿರುಕು,
ಕುದಿನೀರಲ್ಲಿ ಅರ್ಧ ಒಡೆದು ಕೀಮಾ ತೇಲಿತು.
ಉಳಿದವು ಚಮಚಕ್ಕೆ ಹದಿನಾಲ್ಕು.
ಅತ್ತೆ ಹಾಜೆರ್ ಬಾಯಿಬಿಡದೆ ಎಣಿಸಿದರು,
ಬಾಯಿಬಿಡದೆ, ಅಂದರೆ, ತಿನ್ನುವಷ್ಟೇ ಬಿಟ್ಟು.
"ಉಪ್ಪು ಕಡಿಮೆ" ಅಂದರು.
ಹಿಟ್ಟಿನ ಮಾತು ಆ ಮನೆಯಲ್ಲಿ ಅಂದಿಗೆ ಮುಗಿಯಿತು.
ಬಿಸಿನೀರು ಬಳಸು ನೀನು, ತಣ್ಣೀರಲ್ಲ. ಒದ್ದೆ ಬಟ್ಟೆ ಮುಚ್ಚಿಡು.

ಇನ್ನೊಂದು ಉಳಿದಿದೆ, ಇದನ್ನು ಡಾಕ್ಟರು ಹೇಳುವುದಿಲ್ಲ.
ದಾರಿಯಲ್ಲಿ ಬ್ರೆಡ್ಡಿನ ತುಂಡು ಬಿದ್ದಿರುತ್ತದೆ.
ಚಿಕ್ಕಂದಿನಿಂದ ಏನು ಮಾಡಿದ್ದೇವೆ?
ಎತ್ತಿ, ತುಟಿಗೆ ಮುಟ್ಟಿಸಿ, ಹಣೆಗೊತ್ತಿ,
ಯಾರೂ ತುಳಿಯದ ಎತ್ತರದಲ್ಲಿ ಇಟ್ಟಿದ್ದೇವೆ.
ಮೊದಲ ಚಳಿಗಾಲ ನಾನು ದಾಟಿ ಹೋದೆ, ಸಿಟ್ಟಿಗೆ,
ನೀನು ನನಗೆ ಏನು ಮಾಡಿದೆ ಗೊತ್ತೇ ಎಂದು ಅದನ್ನೇ ಬೈದು.
ಹಿಮ ಬೀಳುತ್ತಿತ್ತು. ಅರ್ಧ ಬೀದಿ ಹೋಗಿ ತಿರುಗಿ ಬಂದೆ.

ನೀನು ದಾಟಬೇಡ. ಬಗ್ಗಿ ಎತ್ತು.
ತುಟಿ ಬೇಡ. ಹಣೆಗೆ ಮಾತ್ರ.
ಗುಬ್ಬಿಗೆ ಸಿಗುವ ಹಾಗೆ ಗೋಡೆಯ ಮೇಲಿಡು.
ಮನೆಗೆ ಬಂದವಳೇ ಕೈ ತೊಳೆ, ಸಾಬೂನು ಹಚ್ಚಿ,
ಉಗುರಿನ ಸಂದಿಯನ್ನೂ.