ಏರುವುದಕ್ಕೆ ಸುಂಕ

ವರ್ಕೆತಿಲಿಯ ಆ ಒಂಬತ್ತಂತಸ್ತಿನ ಹಳೇ ಕಟ್ಟಡದಲ್ಲಿ
ಲಿಫ್ಟಿಗೊಂದು ಡಬ್ಬಿ, ಡಬ್ಬಿಗೊಂದು ಸೀಳುಬಾಯಿ.
ಇಪ್ಪತ್ತು ತೇತ್ರಿ ನುಂಗಿದರಷ್ಟೇ ಗುಂಡಿಗೆ ಜೀವ.
ಏರುವುದಕ್ಕೆ ಸುಂಕ,
ಇಳಿಯುವುದು ಪುಕ್ಕಟೆ.
ಇದರಲ್ಲೇನೋ ತತ್ವವಿದೆ ಎಂದು ಹಿಂದೊಮ್ಮೆ ಅನ್ನಿಸಿತ್ತು.
ಕುಡಿದಿದ್ದೆ ಆಗ.

ನಾನು ಪಿಯಾನೊಗಳ ಶ್ರುತಿ ಕೂಡಿಸುವವನು.
ಮೂವತ್ತೊಂದು ವರ್ಷದಿಂದ ಇದೇ ಚೀಲ, ಇದೇ ಶ್ರುತಿಕವೆ,
ಕಿವಿಯೊಂದನ್ನೇ ನಂಬಿ ಸಂಸಾರ ಸಾಕಿದವನು.
ಎಂಟನೇ ಅಂತಸ್ತಿನಲ್ಲಿ ಹತ್ತಕ್ಕೆ ಬರುತ್ತೇನೆಂದಿದ್ದೆ;
ಕೆಳಗೇ ಆಗಲೇ ಹತ್ತೂಕಾಲು.

ಲಿಫ್ಟಿನ ಬಾಗಿಲಲ್ಲಿ ಮುದುಕಿ,
ಕಾಲ ಬಳಿ ಅಕ್ರೋಟಿನ ಮೂಟೆ.
"ಚಿಲ್ಲರೆ ಇರುವವರು ಬರಲಿ ಅಂತ ನಿಂತಿದ್ದೇನೆ ಮಗನೇ."
ಕೇಳಿದ್ದಲ್ಲ; ಇವತ್ತು ಗಾಳಿ ಜಾಸ್ತಿ ಅನ್ನುವ ಹಾಗೆ ಹೇಳಿದ್ದು.
ನಾಣ್ಯ ಹಾಕಿದೆ. ಹೆಸರು ಲಮಾರ ಎಂದಳು, ಏಳನೇ ಅಂತಸ್ತು.
ಹ್ಞೂಂ ಎಂದೆ.

ಆರಕ್ಕೂ ಏಳಕ್ಕೂ ನಡುವೆ
ನಿಂತುಬಿಟ್ಟಿತು.
ದೀಪ ಒಮ್ಮೆ ಕಣ್ಣು ಪಿಳುಕಿಸಿ ಆರಿತು.

ಗುಂಡಿ ಒತ್ತಿದೆ. ಬಾಗಿಲು ಗುದ್ದಿದೆ. ಯಾರದೋ ತಾಯಿಯನ್ನು ಬೈದೆ.
ಕತ್ತಲಲ್ಲಿ ಟಕ್ ಎಂದಿತು ಏನೋ.
ಮತ್ತೆ ಟಕ್.
ಎರಡೆರಡು ಅಕ್ರೋಟು ಮುಷ್ಟಿಯಲ್ಲಿ ಹಿಸುಕಿ ಒಡೆಯುತ್ತಿದ್ದಳು,
ತನ್ನ ಅಡುಗೆಮನೆಯಲ್ಲೇ ಕೂತವಳ ಹಾಗೆ.
"ಎರಡು ಹಿಡಿದರೂ ಒಡೆಯುವುದು ಒಂದೇ, ಯಾವಾಗಲೂ. ತಿನ್ನು.
ಸದ್ದು ಮಾಡಬೇಡ. ಜುಂಬೆರ್ ಬರುತ್ತಾನೆ. ಬಂದರೆ ಕಾಲಿಗೆ ಗೊತ್ತಾಗುತ್ತೆ."

ಕಾಲಿಗೆ?

"ನನ್ನ ಶಾಲ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ.
ಚಿಯಾತುರದ ಗಣಿಯಲ್ಲಿ ಮದ್ದು ಸಿಡಿದು ಎರಡೂ ಹೋಗಿದ್ದವು.
ನಾನು ಮೆಟ್ಟಿಲು ಹತ್ತುವುದು ಅವನಿಗೆ ಅಂಗಾಲಲ್ಲಿ ಕೇಳುತ್ತಿತ್ತು.
ಜಗಳವಾಡಿ ಬಂದೆನೋ, ಮೀನು ತಂದೆನೋ, ಅದೂ.
ಇಪ್ಪತ್ತಾರು ವರ್ಷ ಬಾಗಿಲು ತಟ್ಟುವ ಕೆಲಸವೇ ಇರಲಿಲ್ಲ.
ಅವನು ಹೋದ ಮೇಲೆ ಒಂದು ತಿಂಗಳು
ನನ್ನ ಮನೆಯ ಮುಂದೆ ನಾನೇ ನಿಂತಿರುತ್ತಿದ್ದೆ,
ಬೀಗದಕೈ ಚೀಲದಲ್ಲಿದೆ ಎಂಬುದು ಮರೆತು.
ಬೂಟು ಬಿಚ್ಚು."

ನಾಚಿಕೆಯಾಯಿತು. ಎಡಗಾಲ ಕಾಲುಚೀಲ ಹೆಬ್ಬೆರಳಲ್ಲಿ ತೂತು.
ಕತ್ತಲೆ ಅದನ್ನು ನೋಡಲಿಲ್ಲ.
ತಣ್ಣನೆಯ ತಗಡು. ಮೊದಲು ಏನೂ ಇಲ್ಲ.
ಆಮೇಲೆ, ಬಹಳ ಕೆಳಗೆ,
ಯಾರ ಮನೆಯದೋ ಬಟ್ಟೆ ಒಗೆಯುವ ಯಂತ್ರದ ಗಿರಕಿ,
ಮಗುವೊಂದು ಓಡಿ, ನಿಂತು, ಮತ್ತೆ ಓಡಿದ್ದು;
ಲಿಫ್ಟಿನ ಉಕ್ಕಿನ ಹಗ್ಗದಲ್ಲಿ, ಇದನ್ನು ನಾನಲ್ಲದೆ ಯಾರು ಹೇಳಬೇಕು,
ಮಂದ್ರದ ಒಂದು ಸ್ವರ, ಎಳ್ಳಷ್ಟು ಇಳಿದದ್ದು.
ಅಷ್ಟರಲ್ಲಿ ಭಾರದ ಹೆಜ್ಜೆ, ಒಂದು ಬಿಟ್ಟು ಒಂದು ಎಳೆಯುವಂಥದ್ದು.
"ಬಲಗಾಲು ಕುಂಟೇನು ಅವನಿಗೆ?" ಎಂದೆ.
"ಎಡಗಾಲು" ಎಂದಳು. "ಇರಲಿ. ಕಲಿಯುತ್ತೀಯ."

ಬದುಕೇ ಬದಲಾಯಿತು ಎಂದರೆ ಸುಳ್ಳು.
ಈಗಲೂ ತಡವಾಗಿಯೇ ಹೋಗುತ್ತೇನೆ,
ಈಗಲೂ ಬಾಗಿಲು ಗುದ್ದುತ್ತೇನೆ, ತಾಯಂದಿರನ್ನೂ ಬಿಟ್ಟಿಲ್ಲ.
ಅಂದು ಎಂಟನೇ ಅಂತಸ್ತಿನಲ್ಲಿ ಮಾತ್ರ
ಪಿಯಾನೊ ಮುಚ್ಚಳ ಎತ್ತುವ ಮುನ್ನ
ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ.
ತೇಕ್ಲೆ, ಒಂಬತ್ತು ವರ್ಷದವಳು,
ತೂತಿನಿಂದ ಇಣುಕುವ ಹೆಬ್ಬೆರಳನ್ನೇ ನೋಡಿ
"ಯಾಕೆ?" ಎಂದಳು.
ಎಡಗಡೆಯ ಕೊನೇ ಮನೆ ಒತ್ತು ಎಂದೆ. ಒತ್ತಿದಳು.
ಕಾಲಿಗೆ ಬಂತೇ?
ಅವಳು ಒಂದೊಂದಾಗಿ ಕಾಲುಚೀಲ ಕಳಚಿದಳು.

ಕೆಳಗಿನಿಂದ ಯಾರೋ ಕೋಲಿನಿಂದ ಸೂರು ಕುಟ್ಟುವವರೆಗೂ
ಅದೊಂದೇ ಸ್ವರ ಒತ್ತುತ್ತ ಕೂತಿದ್ದೆವು.
ಆ ಕುಟ್ಟೂ ಅಂಗಾಲಿಗೆ ಸಿಕ್ಕಿತು.

ಹೊರಡುವಾಗ, ಪುಕ್ಕಟೆಯ ಲಿಫ್ಟು ಬಿಟ್ಟು,
ಮೆಟ್ಟಿಲಿಳಿದೆ.
ಏಳರಲ್ಲಿ, ಹಸಿರು ಬಾಗಿಲ ಮುಂದೆ,
ಬೇಕೆಂದೇ ಹೆಜ್ಜೆ ಊರಿ ನಡೆದೆ.

ಒಳಗೆ ಟಕ್ ಎಂದಿತು ಏನೋ.