ಎಲ್ಲಿಂದ ಅಳೀಬೇಕ್ರಿ, ಅಕ್ಕೋರ

ಬೆಟಗೇರಿ ಎಂಟನೇ ನಂಬರ್ ಸಾಲಿ. ಮೂರನೇತ್ತೆ.
ಕಿಡಕ್ಯಾಗಿಂದ ಮಗ್ಗದ ಸಪ್ಪಳ ಒಳಗ ಬರತೈತಿ.
ಹಾಜರಿಯೊಳಗ ಹೆಸರಿಲ್ಲ, ಆದರೂ
ಒಂದು ದಿನಾನೂ ಸಾಲಿ ತಪ್ಪಿಸಿಲ್ಲ ಅದು.

ಇವತ್ತಿನ ಪಾಠ, ದೊಡ್ಡದು ಸಣ್ಣದು, ಉದ್ದ ಗಿಡ್ಡ.
ಪುಸ್ತಕದಾಗ ಒಂದು ಆನಿ, ಅದರ ಬಾಜೂಕ ಇಲಿ.
ದೊಡ್ಡದಕ್ಕ ಗೋಲ ಹಾಕ್ರಿ ಅಂತ ಬರದೈತಿ.
ಆನಿ ದೊಡ್ಡದು ಅಂತ ಹೇಳಾಕ
ಸರಕಾರ ನನಗ ಪಗಾರ ಕೊಡಬೇಕಾಗಿದ್ದಿಲ್ಲ.
ಪುಸ್ತಕ ಮುಚ್ಚಸಿದೆ.

"ಈ ಟೇಬಲ್ ಎಷ್ಟು ಗೇಣು, ಅಳದು ಹೇಳ್ರಿ."
ಫಕ್ಕೀರೇಶ ಏಳು ಅಂದ.
ದಾವಲಬಿ ಏಳು, ಮ್ಯಾಲೆ ಎರಡು ಬೊಟ್ಟು.
ಬನಶಂಕರಿ, ಎಲ್ಲಾರಕಿಂತ ಸಣ್ಣಾಕಿ,
ಸೀಮಿಸುಣ್ಣ ಹಿಡದರ ಅಕಿ ಕೈಯಾಗ ಅದು ಬಡಗಿ ಕಂಡಂಗ ಕಾಣತೈತಿ,
ನಾಲಿಗಿ ಹೊರಗ ಚಾಚಿ, ಹೆಬ್ಬೆಟ್ಟು ಜಾರದಂಗ ಒತ್ತಿ ಒತ್ತಿ
ಒಂಬತ್ತು ತಂದ್ಲು.
"ನಂದು ಎಲ್ಲಾರಕಿಂತ ದೊಡ್ಡ ಟೇಬಲ್!" ಅಂತ ಜಿಗದ್ಲು.
ನನ್ನ ಗೇಣಿಲೆ ಐದೂವರಿ.
ತಪ್ಪು ಅನ್ನಬೇಕೋ ಬರೋಬ್ಬರಿ ಅನ್ನಬೇಕೋ ತಿಳೀದ
ಕೆಂಪು ಪೆನ್ನು ಜಡಿಯಾಗ ಸಿಗಿಸಿಕೊಂಡೆ.

ಅದಕ್ಕs ಫೂಟ್‌ಪಟ್ಟಿ ಬಂದದ್ದು ಅಂತ ಹೇಳಿ
ಪಟ್ಟಿ ತಗಿಸಿದೆ.
ನೀಲಕಂಠನ ಪಟ್ಟಿ ನಾಕರಿಂದ ಸುರು ಆಕ್ಕೈತಿ.
ಗೇಣಿಗೂ ಸಾಲದ ಅವನ ಮೋಟು ಪೆನ್ಸಿಲ್ಲು
ಒಂಬತ್ತು ಸೆಂಟಿಮೀಟರ್ ಆಗಿ ಬೆಳದು ನಿಂತಿತ್ತು.
"ಸೊನ್ನಿಯಿಂದ ಅಳೀಬೇಕಪಾ."
"ಸೊನ್ನಿ ಮುರದು ಹೋಗೇತ್ರಿ ಅಕ್ಕೋರ."

ಮನಿಗೆಲಸ ಕೊಟ್ಟೆ:
ಮನ್ಯಾಗ ಯಾರು ಎತ್ತರ, ಯಾರು ಗಿಡ್ಡ,
ಅಳದು, ಸಾಲಾಗಿ ಬರಕೊಂಡು ಬರ್ರಿ.

ಮರುದಿನ
ಫಕ್ಕೀರೇಶನ ಸಾಲಿನ್ಯಾಗ ಎಮ್ಮೀನೂ ಇತ್ತು, ಮೂರನೇ ನಂಬರಿಗೆ.
ದಾವಲಬಿ ತನ್ನ ಅಜ್ಜಿಗೆ ಎರಡು ಎತ್ತರ ಬರದಿದ್ಲು,
ಕೋಲು ಹಿಡಕೊಂಡಾಗ ಒಂದು, ಬಿಟ್ಟಾಗ ಒಂದು.
ನೀಲಕಂಠ ಏನೂ ಬರದಿದ್ದಿಲ್ಲ.
ಚಡ್ಡಿ ಕಿಸೆಯಿಂದ ನೂಲಿನ ಎಳಿ ತಗದು
ಒಂದೊಂದ ಬಾಕಿನ ಮ್ಯಾಲೆ ಹಾಸಿದ.
"ದಾರಕ್ಕ ಸೊನ್ನಿ ಬೇಕಾಗೂದಿಲ್ರಿ."

ಕೆಂಪು ಎಳಿ ಅವ್ವ. ಹಸರು ಅಕ್ಕ. ಹಳದಿ ತಾನು.
ಉಳಿದವು ಎರಡು ಬಿಳಿ, ಒಂದರ ಮ್ಯಾಲೊಂದು ಇಟ್ಟರ
ತುದಿಗೆ ತುದಿ ಕೂಡತಾವ.
"ಇದು ಮೂರು ವರ್ಷದ ತಂಗಿ. ಇದು ಅಪ್ಪ."

ವರ್ಗೆಲ್ಲಾ ಹೋ ಅಂತು.
ಅವ ಅಳಲಿಲ್ಲ, ಸಿಟ್ಟಿಗೂ ಬರಲಿಲ್ಲ,
ಲೆಕ್ಕ ಬಿಡಿಸಿ ಹೇಳೋರಂಗ ಹೇಳಿದ:
"ಸೀರಿ ನಾಳಿಗೆ ಕೊಡೂದೈತಿ, ಏಳಂಗಿಲ್ಲ ಅಂದ್ರಿ ಅಪ್ಪ.
ಕುಂತಲ್ಲೇ ಅಳಕೋ ಅಂದ.
ನೆಲದ ಮ್ಯಾಲೆ ಇಷ್ಟs ಇದ್ದಾನ್ರಿ.
ಉಳಿದದ್ದು ಕುಣಿಯೊಳಗ ಐತಿ,
ಕಾಲು ಮೆಟ್ಟುಗೋಲಿನ ಮ್ಯಾಲೆ ಅದಾವು,
ಮ್ಯಾಲೆ ಕೆಳಗ ಆಡತಾವು, ದಾರ ನಿಂದ್ರವಲ್ದು.
ಎಲ್ಲಿಂದ ಅಳೀಬೇಕ್ರಿ, ಅಕ್ಕೋರ?
ನೆಲದಿಂದೋ, ಕುಣಿಯಿಂದೋ?"

ಹದಿನಾಕು ವರ್ಷದ ನೌಕರಿ ನಂದು.
ಮೀಟರಿಗೆ ನೂರು ಸೆಂಟಿಮೀಟರ್ ಅಂತ
ನಿದ್ದಿಗಣ್ಣಾಗೂ ಹೇಳತೇನಿ.
ಫಳಿಯ ಮ್ಯಾಲೆ ಒಂದು ಗೆರಿ ಎಳದೆ, ನೆಲ ಅಂದೆ.
ಅದರ ಕೆಳಗ ಒಂದು ಕುಣಿ ತಗದೆ.
ಕುಣಿಯ ತಳದಾಗ ಸೊನ್ನಿ ಬರೀಬೇಕು ಅನ್ನೂದ್ರಾಗ
ಊಟದ ಗಂಟಿ ಬಾರಿಸ್ತು,
ಹುಡುಗರು ತಾಟು ತಗೊಂಡು ಓಡಿದ್ರು.

ಬನಿ ಒಬ್ಬಾಕಿ ಹಿಂದ ಉಳದು
ಅಪ್ಪನ ಎಳಿ ಬಾಕಿನ ಮ್ಯಾಲೆ ಜಗ್ಗಿ ಹಿಡದು ಅಳದ್ಲು.
"ಏಳೂವರಿ ಗೇಣು ಅದಾರ್ರಿ ಇವರಪ್ಪ!"
ಅಕಿ ಹೋದಮ್ಯಾಲೆ ನಾನೂ ಅಳದೆ.
ನಾಕೂವರಿ, ಅದೂ ಕೈ ಸಡ್ಲ ಬಿಟ್ಟು.

ನೀಲಕಂಠನ ಖಾಲಿ ಹಾಳಿ ಮ್ಯಾಲೆ, ಅಪ್ಪನ ಹೆಸರಿನ ಮುಂದ
ಬನಿಯ ಲೆಕ್ಕಾನ ಬರದೆ,
ಜಡಿಯೊಳಗಿನ ಕೆಂಪು ಪೆನ್ನಿಲೆ.